ಹೆರ್ಮಿನಾ ನೇನಿ ಆಟ ನೋಡಿದ್ದು

ಎಟೆಲ್ಕಾ ಒಂಬತ್ತು ವರ್ಷದವಳಾಗಿದ್ದಾಗ, ವೇದಿಕೆಯ ಅಡಿಯ ಧೂಳಿನಲ್ಲಿ ಮಂಡಿಯೂರಿ ಕೂತು, ಹೆರ್ಮಿನಾ ನೇನಿಗೆ ಒಂದು ಮಾತು ಕೊಟ್ಟಳು. ದೊಡ್ಡವಳಾದ ಮೇಲೆ ಒಂದು ದಿನ ಆಕೆಯನ್ನು ಜನರ ನಡುವೆ ಕುರ್ಚಿಯ ಮೇಲೆ ಕೂರಿಸಿ, ಊರಿನ ಆಟವನ್ನು ಮೊದಲಿಂದ ಕೊನೆಯವರೆಗೂ ತೋರಿಸುತ್ತೇನೆ ಅಂತ. ನೇನಿ ಅಂದರೆ ಆ ಕಡೆ ಹಿರಿಯ ಹೆಂಗಸರನ್ನು ಕರೆಯುವ ಮಾತು.

ಅವತ್ತು ಎಟೆಲ್ಕಾ ಬಾತುಕೋಳಿ ಮರಿಯ ವೇಷದಲ್ಲಿದ್ದಳು. ಮೊದಲ ಅಂಕದಲ್ಲಿ ಎಂಟು ಮರಿಗಳು ಸಾಲಾಗಿ ಬಂದು ಒಂದು ಸುತ್ತು ಕುಣಿದು ಹೋಗಬೇಕು. ಅಷ್ಟರಲ್ಲಿ ಇವಳ ಬಾಲ ಕಳಚಿ ಬಿತ್ತು. ಸಭೆ ಗೊಳ್ಳೆಂದಿತು. ಅವಮಾನ ತಾಳದೆ ಹಿಂದಕ್ಕೆ ಓಡಿ, ಹನ್ನೊಂದು ಮೆಟ್ಟಿಲಿಳಿದು, ಕತ್ತಲಲ್ಲಿ ಸಿಕ್ಕಿದ ಗೂಡಿನೊಳಗೆ ನುಸುಳಿದರೆ ಅಲ್ಲಿ ಹೆರ್ಮಿನಾ ನೇನಿ ಕೂತಿದ್ದಳು. ಹೆಗಲ ಮೇಲೆ ಶಾಲು, ಕಾಲಡಿ ಬಿಸಿ ಇಟ್ಟಿಗೆ, ತೊಡೆಯ ಮೇಲೆ ಆಟದ ಪುಸ್ತಕ. ಪಾತ್ರಧಾರಿಗಳಿಗೆ ಮಾತು ಎತ್ತಿಕೊಡುವವಳು ಆಕೆ. ಬೈಯಲು ಆಕೆಗೆ ಪುರುಸೊತ್ತಿರಲಿಲ್ಲ. ಹುಡುಗಿಯ ತೋಳು ಹಿಡಿದು ಪಕ್ಕಕ್ಕೆಳೆದುಕೊಂಡು, ಮೇಲಿನವರಿಗೆ ಮುಂದಿನ ಮಾತು ಪಿಸುಗುಟ್ಟಿದಳು.

ಎಟೆಲ್ಕಾ ಅಳು ನಿಂತ ಮೇಲೆ ಕತ್ತೆತ್ತಿ ಕಿಂಡಿಯಲ್ಲಿ ನೋಡಿದಳು. ಕಂಡದ್ದು ಬೂಟುಗಳು.

"ಇಲ್ಲಿಂದ ಬರೀ ಬೂಟೇ ಕಾಣ್ಸುತ್ತಲ್ಲ, ನೇನಿ?"

"ಬಗ್ಗಿದ್ರೆ ಮೂಗಿನ ಹೊಳ್ಳೇನೂ ಕಾಣ್ಸುತ್ತೆ. ಪಶುವೈದ್ಯರದ್ದು ಅಷ್ಟೇನೂ ಚೆನ್ನಾಗಿಲ್ಲ."

"ನೀವು ಆಟ ನೋಡೇ ಇಲ್ವಾ?"

ನೋಡಿರಲಿಲ್ಲ. ಹೆರ್ಮಿನಾ ಬೇರೆ ಊರಿನವಳು. ಪುರಸಭೆಯಲ್ಲಿ ಜನನ ಮರಣ ನೋಂದಾಯಿಸುವ ಗುಮಾಸ್ತೆಯಾಗಿ ಬಂದ ಮೂರನೇ ವಾರಕ್ಕೆ ಹಳೆಯ ಪ್ರಾಂಪ್ಟರಿಗೆ ಗಂಟಲು ಬಿದ್ದುಹೋಯಿತು. ಓದು ಬರಹ ಚುರುಕಾಗಿರುವ ಹೆಂಗಸು ಅಂತ ಈಕೆಯನ್ನು ಗೂಡಿಗಿಳಿಸಿದರು. ಇಳಿದವಳು ಮತ್ತೆ ಹತ್ತಲಿಲ್ಲ. ಎಟೆಲ್ಕಾ ಮಾತು ಕೊಟ್ಟಾಗ ಆಕೆ ಅಲ್ಲಿ ಕೂತು ಒಂಬತ್ತು ವರ್ಷವಾಗಿತ್ತು. ಈಗ ನಲವತ್ತು.

ಆ ಊರಿರುವುದು ತಿಸಾ ನದಿಯ ದಂಡೆಯ ಮೇಲೆ. ಅದರ ಆಟದ ಹೆಸರು 'ಗಿರಣಿಯ ಬೊರ್ಕಾ'. ತೊಂಬತ್ತು ವರ್ಷದ ಹಿಂದೆ ಅಗ್ನಿಶಾಮಕ ದಳದ ಬ್ಯಾಂಡ್ ಮಾಸ್ಟರ್ ಒಬ್ಬ ಬರೆದು ರಾಗ ಕಟ್ಟಿದ ಹಾಡುನಾಟಕ. ಗಿರಣಿಯವನ ಮಗಳು ಬೊರ್ಕಾ, ವೇಷ ಮರೆಸಿಕೊಂಡು ಹಿಟ್ಟು ಕೊಳ್ಳಲು ಬರುವ ಜಮೀನ್ದಾರ, ಹಾಸ್ಯಕ್ಕೆ ಒಬ್ಬ ಗಿರಣಿ ಆಳು, ಅವನಿಗೊಬ್ಬಳು ಅಡುಗೆಯವಳು. ಕೊನೆಗೆ ಎರಡು ಮದುವೆ. ಇದರಲ್ಲಿ ಹೊಸದೇನಿದೆ ಅಂತ ಕೇಳಿದರೆ ಊರಿನವರು ಕೇಳಿದವನ ಮುಖವನ್ನೇ ನೋಡುತ್ತಾರೆ. ಹೊಸದಿದ್ದರೆ ವರ್ಷ ವರ್ಷ ಯಾಕೆ ಆಡುತ್ತಿದ್ದರು?

ಸಿನಿಮಾ ಮಂದಿರ ಬಂತು, ಮುಚ್ಚಿತು. ಸರ್ಕಾರ ಬದಲಾಯಿತು, ಚೌಕದ ಪ್ರತಿಮೆ ಬದಲಾಯಿತು, ದುಡ್ಡಿನ ನೋಟಿನ ಮೇಲಿನ ಮುಖಗಳೂ ಬದಲಾದವು. ಈಸ್ಟರ್ ಉಪವಾಸಕ್ಕೆ ಮುಂಚಿನ ಕಾರ್ನಿವಲ್ ಹಬ್ಬದ ಕೊನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಬೊರ್ಕಾ ಮಾತ್ರ ಬಾವಿಯಿಂದ ನೀರು ಸೇದುತ್ತ ಹಾಡಿಯೇ ಹಾಡಿದಳು. ಆ ಊರಲ್ಲಿ ಮೊದಲ ಅಂಕದ ವಾಲ್ಟ್ಸ್ ಕುಣಿತ ಇಲ್ಲದೆ ಮದುವೆಯಿಲ್ಲ. ಮೂರನೇ ಅಂಕದ ಗಿರಣಿ ಹಾಡನ್ನು ನಿಧಾನ ಮಾಡಿ ನುಡಿಸಿದರೆ ಅದೇ ಸಾವಿನ ಮೆರವಣಿಗೆಗೂ ಆಗುತ್ತದೆ. ಫುಟ್‌ಬಾಲ್ ತಂಡ ಸೋತಾಗ ಹುಡುಗರು ಹಾಡುವುದು ಗೋಣಿ ಹೊರುವವರ ಹಾಡು. ಅದು ಆಗಾಗ ಕೇಳಿಬರುವ ಹಾಡು. ಯಾರಾದರೂ ಊಟದ ಹೊತ್ತಿಗೆ ಸರಿಯಾಗಿ ಬಾಗಿಲು ತಟ್ಟಿದರೆ "ಹಿಟ್ಟು ಕೊಳ್ಳೋಕೆ ಬಂದಿರಾ, ಸ್ವಾಮಿ?" ಅನ್ನುವುದು ಎರಡನೇ ಅಂಕದ ಮಾತು, ಆಡುವವರಿಗೇ ಅದು ನೆನಪಿರುವುದಿಲ್ಲ. ಹೆರ್ಮಿನಾ ತನ್ನ ನೋಂದಣಿ ಪುಸ್ತಕದಲ್ಲಿ ಒಂದೇ ವರ್ಷ ಏಳು ಬೊರ್ಕಾಗಳನ್ನು ಬರೆದುಕೊಂಡದ್ದುಂಟು.

ಹೀಗೆ ಊರಿಗೆ ಊರೇ ಆಟವನ್ನು ಬಾಯಿಪಾಠ ಮಾಡಿಕೊಂಡಿರುವಾಗ ಎತ್ತಿಕೊಡುವವಳು ಯಾಕೆ ಬೇಕು? ನಿಜ ಹೇಳಬೇಕೆಂದರೆ ಆಟಕ್ಕೆ ಬೇಕಿರಲಿಲ್ಲ. ಯಾರಾದರೂ ಮಾತು ಮರೆತರೆ ಬಾಲ್ಕನಿಯಿಂದಲೇ ಹೇಳಿಕೊಡುತ್ತಿದ್ದರು. ಆಕೆ ಬೇಕಾಗಿದ್ದದ್ದು ಎರಡನೇ ಅಂಕದ ಒಂದೇ ಒಂದು ಜೋಡಿಹಾಡಿಗೆ. ಗಿರಣಿ ಆಳೂ ಅಡುಗೆಯವಳೂ ಅದನ್ನು ಹಾಡಿ ಕುಣಿದು ಮುಗಿಸುತ್ತಿದ್ದಂತೆ ಜನ "ಹೇಗಿತ್ತು? ಹೇಗಿತ್ತು?" ಅಂತ ಕೂಗುತ್ತಾರೆ. ಹೇಗಿತ್ತೋ ಮರೆತುಹೋಯಿತು, ಇನ್ನೊಂದು ಸಲ ಹಾಡಿ ಅಂತ ಅರ್ಥ. ಕೈ ಒಂದೇ ತಾಳಕ್ಕೆ ಬೀಳುತ್ತದೆ, ಬಾಗಿಲಿಗೆ ಸುತ್ತಿಗೆ ಹೊಡೆದ ಹಾಗೆ. ಆಗ ಗಿರಣಿ ಆಳು ಮುಂದೆ ಬಂದು ಅದೇ ರಾಗಕ್ಕೆ ಹೊಸದೊಂದು ನುಡಿ ಹಾಡಬೇಕು. ಆ ನುಡಿ ಪುಸ್ತಕದಲ್ಲಿರುವುದಿಲ್ಲ. ಅದು ಆ ವರ್ಷ ಊರಲ್ಲಿ ನಡೆದದ್ದರ ಮೇಲೆ, ಎದುರಿಗೆ ಕೂತವರ ಮೇಲೆ. ವರ್ಷವಿಡೀ ಜನ ಕಾಯುವುದು ಅದಕ್ಕೇ. ಯಾರನ್ನು ಹಿಡಿಯುತ್ತಾನೋ ಅಂತ ಹೆದರಿಕೆ. ತನ್ನನ್ನು ಬಿಟ್ಟುಬಿಟ್ಟಾನೇನೋ ಅಂತ ಅದಕ್ಕಿಂತ ಹೆಚ್ಚಿನ ಹೆದರಿಕೆ.

ಮೂವತ್ತೊಂದು ವರ್ಷದಿಂದ ಗಿರಣಿ ಆಳಾಗುತ್ತಿದ್ದವನು ಪೋಸ್ಟ್‌ಮನ್ ಡೆಜೋ. ಮನೆ ಮನೆ ಸುತ್ತುವವನು, ಎಲ್ಲರ ಸುದ್ದಿ ಬಲ್ಲವನು, ನಾಲಿಗೆಯೂ ಹರಿತ, ಹಾಗಾಗಿ ನುಡಿಗಳನ್ನೂ ಅವನೇ ಕಟ್ಟುತ್ತಾನೆ ಅಂತ ಊರು ನಂಬಿತ್ತು. ಕಟ್ಟುತ್ತಿದ್ದವಳು ಹೆರ್ಮಿನಾ. ಪುರಸಭೆಯ ಸಂಬಳ ತಿನ್ನುತ್ತ ಪುರಸಭೆಯನ್ನು ಗೇಲಿ ಮಾಡುವಂತಿರಲಿಲ್ಲ ಆ ಕಾಲದಲ್ಲಿ. ಆಕೆ ಚೀಟಿಯಲ್ಲಿ ಬರೆದಿಟ್ಟುಕೊಂಡು ಗೂಡಿನಿಂದ ಒಂದೊಂದೇ ಸಾಲು ಪಿಸುಗುಟ್ಟುತ್ತಿದ್ದಳು, ಅವನು ಮೇಲೆ ಹಾಡುತ್ತಿದ್ದ. ಮುಂಚೆಯೇ ಕೊಟ್ಟರೆ ಆಸಾಮಿ ವೈನಂಗಡಿಯಲ್ಲಿ ಹಾಡಿಬಿಡುತ್ತಾನೆ ಅಂತ ಒಂದು ವರ್ಷವೂ ಮೊದಲೇ ತೋರಿಸಲಿಲ್ಲ. ಕಾಲ ಬದಲಾಗಿ, ಆಕೆಗೆ ನಿವೃತ್ತಿಯಾದ ಮೇಲೂ ಗುಟ್ಟು ಹಾಗೇ ಉಳಿಯಿತು. ಗೊತ್ತಿದ್ದವರು ಮೂವರು: ಆಕೆ, ಡೆಜೋ, ಮತ್ತು ಬಾಲ ಕಳಚಿದ ದಿನ ಗೂಡಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಎಟೆಲ್ಕಾ.

ಎಟೆಲ್ಕಾಗೆ ಈಗ ನಲವತ್ತು. ಶಾಲೆಯ ಅಡುಗೆಮನೆಯಲ್ಲಿ ದಿನಾ ಇನ್ನೂರ ನಲವತ್ತು ಮಕ್ಕಳಿಗೆ ಊಟ ಮಾಡಿಹಾಕಿ, ಮನೆಗೆ ಬಂದು ಮತ್ತೆ ನಾಲ್ಕು ಜನಕ್ಕೆ ಬೇಯಿಸುವವಳು. ಕೊಟ್ಟ ಮಾತು ಅವಳಿಗೆ ಮರೆತಿರಲಿಲ್ಲ. ಆದರೆ ಪ್ರತಿ ಕಾರ್ನಿವಲ್ಲಿಗೂ ಏನಾದರೊಂದು. ಒಂದು ವರ್ಷ ಬಸುರಿ, ಒಂದು ವರ್ಷ ಬಾಣಂತಿ, ಒಂದು ವರ್ಷ ಮಕ್ಕಳಿಬ್ಬರಿಗೂ ಸೀತಾಳೆ ಸಿಡುಬು, ಇನ್ನೊಂದು ವರ್ಷ ಅತ್ತೆಯ ಆಪರೇಷನ್. ಬರುವ ವರ್ಷ ನೋಡೋಣ, ಬರುವ ವರ್ಷ ನೋಡೋಣ ಅನ್ನುತ್ತ ಮೂವತ್ತೊಂದು ವರ್ಷ ಸರಿದುಹೋಗಿತ್ತು.

ಜನವರಿಯಲ್ಲಿ ಸುದ್ದಿ ಬಂತು. ಹೆರ್ಮಿನಾ ನೇನಿಯ ಮಂಡಿ ಕೆಟ್ಟಿದೆ, ಹನ್ನೊಂದು ಮೆಟ್ಟಿಲು ಇಳಿಯುವುದು ಇದೇ ಕೊನೆ ಅಂತ ಡಾಕ್ಟರು ಹೇಳಿದ್ದಾರೆ. ಈಸ್ಟರ್ ಮುಗಿದ ಮೇಲೆ ಆಕೆ ದೇಶದ ಆ ತುದಿಯಲ್ಲಿ, ಬಿಸಿನೀರ ಬುಗ್ಗೆಯ ಊರಲ್ಲಿರುವ ತಂಗಿಯ ಮನೆಗೆ ಹೋಗಿಬಿಡುತ್ತಾಳೆ. ಎಟೆಲ್ಕಾ ಗಸಗಸೆ ಶಾವಿಗೆಯ ಹಂಡೆ ತಿಕ್ಕುತ್ತಿದ್ದಳು. ಕೈ ನಿಂತಿತು. ಉಳಿದದ್ದು ಒಂದೇ ಆಟ.

ಅವತ್ತೇ ಸಂಜೆ ಹೋದಳು. ಹೆರ್ಮಿನಾ ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಬೋಗುಣಿ ಅವರೆಕಾಳಿನ ಸೂಪು ಮುಂದಿಟ್ಟು, ಕುಡಿದು ಮನೆಗೆ ಹೋಗಿ ಮಕ್ಕಳನ್ನು ನೋಡಿಕೋ ಅಂದಳು. ಒಂಬತ್ತು ವರ್ಷದ ಬಾತುಕೋಳಿ ಕೊಟ್ಟ ಮಾತಿಗೆಲ್ಲ ಯಾರೂ ಕೋರ್ಟಿಗೆ ಹೋಗುವುದಿಲ್ಲ ಅಂದಳು. ಆಕೆಗೆ ಎಟೆಲ್ಕಾ ಇನ್ನೂ ಮುದ್ದಿನ ಎಟುಶ್.

"ಅಲ್ಲ ಎಟುಶ್, ನಾನು ಮೇಲೆ ಹೋಗಿ ಕೂತ್ರೆ ಕೆಳಗೆ ಯಾರೇ ಎತ್ಕೊಡ್ತಾರೆ?"

"ನಾನು."

"ನೀನಾ? ನೀನು ಅಡುಗೆಮನೇಲಿ ಉಪ್ಪು ಕೇಳಿದ್ರೆ ನದಿ ಆಚೆಯವರು ತಂದ್ಕೊಡ್ತಾರೆ."

ಎಟೆಲ್ಕಾ ಏಳಲಿಲ್ಲ. ಸೂಪು ಮುಗಿಸಿ, ಬೋಗುಣಿ ತೊಳೆದಿಟ್ಟು, ಮತ್ತೆ ಬಂದು ಕೂತಳು. ಕೊನೆಗೆ ಹೆರ್ಮಿನಾ ಸ್ವೆಟರಿನ ತುದಿ ಎಳೆದುಕೊಳ್ಳುತ್ತ, ಹಾಗಾದರೆ ಯಾವ ಸಾಲಿನ ಕುರ್ಚಿ ಅಂತ ಕೇಳಿದಳು.

ಸಾಲಿನದೇ ದೊಡ್ಡ ಕಥೆ. ಆ ಊರಲ್ಲಿ ಆಟದ ಕುರ್ಚಿ ಹೊಲ ಇದ್ದ ಹಾಗೆ, ತಾಯಿಯಿಂದ ಮಗಳಿಗೆ, ಮಾವನಿಂದ ಅಳಿಯನಿಗೆ. ಎಟೆಲ್ಕಾಳ ಮನೆಯವರದು ಹದಿನಾಲ್ಕನೇ ಸಾಲು, ಕಂಬದ ಹಿಂದೆ. ಮೂರು ತಲೆಮಾರಿನವರು ಬೊರ್ಕಾಳ ಅರ್ಧ ಭಾಗವನ್ನಷ್ಟೇ ನೋಡಿದ್ದರು. ಮೂರನೇ ಸಾಲಿನ ನಡುವಿನ ಕುರ್ಚಿ ಕಸಾಯಿ ಅಂಗಡಿಯ ಹಾಲ್ಮೊಶ್ ಮನೆಯವರದು. ಎಟೆಲ್ಕಾ ನಾಲ್ಕು ಸಲ ಹೋಗಿ ಕೇಳಿದಳು. ಹಾಲ್ಮೊಶ್ ಮುದುಕಿ, ಗಂಡ ಸತ್ತ ವರ್ಷವೂ ಆ ಕುರ್ಚಿ ಖಾಲಿ ಬಿಟ್ಟಿರಲಿಲ್ಲ ಅಂದಳು. ಎರಡು ತಟ್ಟೆ ಕೋಸಿನ ಕಡುಬು, ಕಂಬದ ಹಿಂದಿನ ಕುರ್ಚಿ, ಜೊತೆಗೆ ಒಂದು ದಿಂಬು. ಅಲ್ಲಿಗೆ ಒಪ್ಪಂದವಾಯಿತು.

ಡೆಜೋನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಅವನು ಸೈಕಲ್ಲಿಂದ ಇಳಿಯದೆಯೇ ಆಗುವುದಿಲ್ಲ ಅಂದ. ತನ್ನ ಕಿವಿ ಮೂವತ್ತೊಂದು ವರ್ಷದಿಂದ ಒಂದೇ ಗಂಟಲಿಗೆ ಒಗ್ಗಿದೆ, ಈಗ ಬೇರೆಯದಕ್ಕೆ ಬಗ್ಗದು ಅಂದ. ಅವನ ನಿಜವಾದ ದಿಗಿಲು ಬೇರೆ ಇತ್ತು. ಹೆರ್ಮಿನಾ ಮುದುಕಿ ಜನರ ನಡುವೆ ಕೂತು, ಇವನು ಹಾಡುವಾಗ ತುಟಿ ಅಲ್ಲಾಡಿಸಿದರೆ?

"ಊರೆಲ್ಲ ನೋಡುತ್ತೆ ಮಾರಾಯ್ತಿ. ನನ್ನ ಮರ್ಯಾದೆ ಏನಾಗ್ಬೇಕು?"

"ನಿಂದಲ್ಲದ ಮರ್ಯಾದೆ ಹೋದ್ರೆ ನಿಂಗೇನೋ ನಷ್ಟ?" ಅಂದಳು ಎಟೆಲ್ಕಾ. ಅಂದ ಮೇಲೆ ಪಾಪ ಅನ್ನಿಸಿ, ನೇನಿ ಹೋಗಿಬಿಡುತ್ತಾಳೆ, ಒಂದು ಸಲವಾದರೂ ನೋಡಲಿ ಅಂತ ಮೆತ್ತಗೆ ಹೇಳಿದಳು. ಡೆಜೋ ಬೆಲ್ಲು ಎರಡು ಸಲ ಬಾರಿಸಿ ಹೊರಟುಹೋದ. ಅದು ಒಪ್ಪಿಗೆ.

ಮುಂದಿನ ಐದು ವಾರ, ಮಕ್ಕಳನ್ನು ಮಲಗಿಸಿ, ಆಟದ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವ ಗಂಡ ಗೆರ್ಗೆಯನ್ನು ಕಾವಲಿಟ್ಟು, ಎಟೆಲ್ಕಾ ಹೆರ್ಮಿನಾಳ ಅಡುಗೆಮನೆಯಲ್ಲಿ ಪಿಸುಗುಟ್ಟಲು ಕಲಿತಳು. ಪಿಸುಮಾತು ಗಂಟಲಿಂದಲ್ಲ, ಹಲ್ಲಿನಿಂದ ಬರಬೇಕು. ಇಡೀ ಸಾಲು ಕೊಡಬಾರದು, ಮೊದಲಿನ ಎರಡು ಪದ ಸಾಕು. ಅವರು ಮರೆತ ಮೇಲೆ ಕೊಟ್ಟರೆ ತಡವಾಯಿತು, ಮರೆಯುವ ಮೊದಲೇ ಕೊಡಬೇಕು. ಮರೆಯುತ್ತಾರೆ ಅಂತ ಮೊದಲೇ ಹೇಗೆ ಗೊತ್ತಾಗಬೇಕು ಅಂತ ಎಟೆಲ್ಕಾ ಕೇಳಿದಳು.

"ಬೂಟು ನೋಡು. ಮಾತು ತಪ್ಪೋನಿಗೆ ಮುಖಕ್ಕಿಂತ ಮುಂಚೆ ಹಿಮ್ಮಡಿಗೆ ಗೊತ್ತಾಗುತ್ತೆ. ಹಿಮ್ಮಡಿ ಎದ್ದಿತೋ, ಕೊಟ್ಬಿಡು."

ಹೆರ್ಮಿನಾ ಕೋಲೂರಿಕೊಂಡು ಅಡುಗೆಮನೆಯಲ್ಲಿ ಓಡಾಡುತ್ತ ಬೊರ್ಕಾಳಾಗಿ, ಜಮೀನ್ದಾರನಾಗಿ ಮಾತು ಮರೆತಂತೆ ನಟಿಸುತ್ತಿದ್ದಳು. ಎಟೆಲ್ಕಾ ಮೇಜಿನಡಿ ಕೂತು ಆಕೆಯ ಉಣ್ಣೆಯ ಚಪ್ಪಲಿ ನೋಡುತ್ತಿದ್ದಳು. ಮೂರನೇ ವಾರದ ಹೊತ್ತಿಗೆ ಹಿಮ್ಮಡಿ ಓದುವುದು ಬಂತು. ದನಿ ತಗ್ಗಿಸುವುದು ಮಾತ್ರ ಬರಲಿಲ್ಲ. ಹದಿನೆಂಟು ವರ್ಷ ಉಗಿಯೊಳಗೆ ನಿಂತು ಕೂಗಿದ ಗಂಟಲು ಅದು. ಪಿಸುಗುಟ್ಟಿದರೂ ಪಕ್ಕದ ಮನೆಯ ನಾಯಿ ಎದ್ದು ನಿಲ್ಲುತ್ತಿತ್ತು.

ಆಟದ ಹಿಂದಿನ ದಿನ ಹೆರ್ಮಿನಾ ಹೊಸ ನುಡಿಗಳ ಐದು ಚೀಟಿ ಕೊಟ್ಟಳು. ಹೆಚ್ಚಂದರೆ ಮೂರು ಬೇಕಾಗುತ್ತದೆ, ಪ್ರವಾಹ ಬಂದ ವರ್ಷ ನಾಲ್ಕಾಗಿತ್ತು, ಐದು ಯಾವತ್ತೂ ಆದದ್ದಿಲ್ಲ ಅಂದಳು.

ಭಾನುವಾರ ಎರಡೂವರೆಗೆ ಸಭಾಭವನ ತುಂಬಿತು. ಹೆರ್ಮಿನಾ ನೀಲಿ ಉಡುಪು ಹಾಕಿಕೊಂಡು, ಕೂದಲನ್ನು ಸುರುಳಿ ಮಾಡಿಸಿಕೊಂಡು ಬಂದಿದ್ದಳು. ಎಟೆಲ್ಕಾ ತಾನೇ ಕೈ ಹಿಡಿದು ಮೂರನೇ ಸಾಲಿನ ನಡುವೆ ಕೂರಿಸಿ, ಕೋಲನ್ನು ಕುರ್ಚಿಗೆ ಒರಗಿಸಿ, ಕಾಣಿಸುತ್ತದಾ, ಬೆಳಕು ಕಣ್ಣಿಗೆ ಹೊಡೆಯುವುದಿಲ್ಲವಾ ಅಂತ ಮದುವೆ ಮನೆಯ ಹಿರಿಯರನ್ನು ವಿಚಾರಿಸಿದಂತೆ ವಿಚಾರಿಸಿದಳು. ಹೋಗೇ, ಬೂಟು ಕಾಯ್ತಿರ್ತವೆ ಅಂದಳು ಹೆರ್ಮಿನಾ.

ಗೂಡಿನೊಳಗಿಂದ ಸಭೆ ಕಾಣುವುದಿಲ್ಲ. ಸಭೆಯ ಕಡೆಗೆ ಮರದ ಮುಸುಕು, ಬೆನ್ನು ಅತ್ತ ಕಡೆ. ಎದುರಿಗೆ ಹಲಗೆ, ಹಲಗೆಯ ಮೇಲೆ ಬೂಟುಗಳು. ಮೊದಲ ಅಂಕ ಸರಾಗವಾಗಿ ಸಾಗಿತು. ಜಮೀನ್ದಾರನಾದ ಪಶುವೈದ್ಯರ ಹಿಮ್ಮಡಿ ಎರಡು ಸಲ ಎದ್ದಿತು, ಎರಡು ಸಲವೂ ಎಟೆಲ್ಕಾ ಹಿಡಿದಳು. ವಾಲ್ಟ್ಸ್ ಶುರುವಾದಾಗ ಸಭೆಯೆಲ್ಲ ಸಣ್ಣಗೆ ಗುನುಗತೊಡಗಿತು, ಮುನ್ನೂರು ಜನ ಬಾಯಿ ಮುಚ್ಚಿಕೊಂಡು ಹಾಡಿದರೆ ಜೇನುಗೂಡಿನ ಹಾಗೆ ಕೇಳುತ್ತದೆ. ಆ ಗುಂಗು ಹಲಗೆಯೊಳಗಿಂದ ಇಳಿದು ಎಟೆಲ್ಕಾಳ ಬೆನ್ನು ಮೂಳೆಗೆ ತಾಗಿತು. ನೇನಿ ಈಗ ನೋಡುತ್ತಿದ್ದಾಳೆ ಅಂದುಕೊಂಡಳು. ಬೊರ್ಕಾಳ ಲಂಗ ಸುತ್ತುವುದು, ಗಿರಣಿಯ ಚಕ್ರ ತಿರುಗುವುದು, ಎಲ್ಲವನ್ನೂ ಈಗ ನೋಡುತ್ತಿದ್ದಾಳೆ. ಮೂವತ್ತೊಂದು ವರ್ಷದ ಭಾರ ಹೆಗಲಿಂದ ಇಳಿದ ಹಾಗಾಯಿತು.

ಎರಡನೇ ಅಂಕದ ಜೋಡಿಹಾಡು ಮುಗಿಯಿತು. "ಹೇಗಿತ್ತು? ಹೇಗಿತ್ತು?" ಕೈತಾಳ ಶುರುವಾಯಿತು. ಡೆಜೋನ ಬಲಗಾಲಿನ ಬೂಟು ಗೂಡಿನ ಮುಂದೆ ಬಂದು ಎರಡು ಸಲ ಹಲಗೆ ತಟ್ಟಿತು. ಕೊಡು ಅಂತ ಸೂಚನೆ. ಎಟೆಲ್ಕಾ ಮೊದಲ ಚೀಟಿ ಎತ್ತಿ, ಹಲ್ಲಿನಿಂದಲೇ ಪಿಸುಗುಟ್ಟಿದಳು:

*ಚೌಕದ ನಡುವೆ ಕಾರಂಜಿ ಕಟ್ಟಿ ರಿಬ್ಬನ್ ಕತ್ತರ್ಸಿದ್ರು,*
*ನೀರೇ ಬರ್ಲಿಲ್ಲ ಅಂತ ಮೇಯರ್ ಭಾಷಣ ಹರಿಸಿದ್ರು.*

ಡೆಜೋ ಬಾಯಿ ತೆರೆಯುವ ಮುಂಚೆಯೇ ಮುಂದಿನ ನಾಲ್ಕು ಸಾಲಿನವರು ನಕ್ಕರು. ಎಟೆಲ್ಕಾಳ ಪಿಸುಮಾತು ಅವರಿಗೆ ಡೆಜೋನಿಗಿಂತ ಮೊದಲು ತಲುಪಿತ್ತು. ಅವರ ನಗುವಿನಲ್ಲಿ ಡೆಜೋ ಹಾಡಿದ್ದು ಮುಳುಗಿಹೋಗಿ, ಹಿಂದಿನವರಿಗೆ ಏನೂ ಕೇಳಿಸಲಿಲ್ಲ. ಅವರು ರೇಗಿ, ಹೇಗಿತ್ತು, ಹೇಗಿತ್ತು ಅಂತ ಕಾಲಿನಿಂದಲೂ ತಾಳ ಹಾಕಿದರು. ಎರಡನೇ ಚೀಟಿಗೂ ಅದೇ ಪಾಡು. ಮೂರನೆಯದಕ್ಕೆ ಬಾಲ್ಕನಿಯವರು ಕಟಕಟೆ ಬಡಿದರು. ಎಟೆಲ್ಕಾ ದನಿ ಇಳಿಸಿದಷ್ಟೂ ಅದು ಹಿಸ್ಸೆಂದು ಮತ್ತಷ್ಟು ದೂರ ಹೋಗುತ್ತಿತ್ತು. ನಾಲ್ಕು ಆಯಿತು. ಯಾವ ವರ್ಷವೂ ಆಗದ ಐದೂ ಆಯಿತು. ಬೆವರು ಅವಳ ಮೂಗಿನ ತುದಿಯಿಂದ ಪುಸ್ತಕದ ಮೇಲೆ ಬಿತ್ತು.

ಬೂಟು ಮತ್ತೆ ಬಂತು. ಎರಡು ಸಲ ತಟ್ಟಿತು.

ಚೀಟಿ ಇರಲಿಲ್ಲ. ಎಟೆಲ್ಕಾ ತಲೆಯೊಳಗೆ ಹುಡುಕಿದಳು. ನಾಳೆಯ ಪಟ್ಟಿ ಬಂತು: ಆಲೂಗಡ್ಡೆ ಅರವತ್ತು ಕಿಲೋ, ಈರುಳ್ಳಿ ಎಂಟು, ಮಗಳ ಬೂಟಿನ ಲಾಡಿ. ಅದಕ್ಕೆ ಪ್ರಾಸ ಕೂಡಲಿಲ್ಲ. ಡೆಜೋನ ಹಿಮ್ಮಡಿ ಏಳುವುದು ಕಂಡಿತು. ಮೊದಲು ಎಡಗಾಲಿನದು, ಆಮೇಲೆ ಬಲಗಾಲಿನದು. ಬ್ಯಾಂಡಿನಲ್ಲಿ ಗೆರ್ಗೆ ಹೊತ್ತು ಕಳೆಯಲು ಡ್ರಮ್ಮನ್ನು ಗಡಗಡ ಬಾರಿಸಿದ, ಇನ್ನೊಮ್ಮೆ ಬಾರಿಸಿದ. ಜನ ಹಾಡು ಬರಲಿ ಅಂತ ಕೈ ನಿಲ್ಲಿಸಿದರು. ಕೊಟ್ಟ ಮಾತು ಉಳಿಸಿಕೊಳ್ಳುವ ಚಪಲಕ್ಕೆ ತಾನು ಊರಿನ ಆಟವನ್ನೇ ಕೆಡಿಸಿದೆ ಅನ್ನಿಸಿ ಎಟೆಲ್ಕಾ ಕಣ್ಣು ಮುಚ್ಚಿಕೊಂಡಳು.

ಆಗ ಅವಳ ಬೆನ್ನ ಹಿಂದಿನಿಂದ, ಮೂರನೇ ಸಾಲಿನಿಂದ, ಒಣಗಿದ ಎಲೆಯಂಥ ಒಂದು ಪಿಸುಮಾತು ಹೊರಟು ತಲೆಯ ಮೇಲೆ ಹಾದುಹೋಯಿತು. ಅದು ಗಟ್ಟಿಯಾಗಿರಲಿಲ್ಲ. ಆದರೆ ಬಾಲ್ಕನಿಯ ಕೊನೆಯವನಿಗೂ ಅಕ್ಷರ ಅಕ್ಷರ ಕೇಳಿಸಿತು.

*ಸಕ್ಕರೆ ಮುಟ್ಬೇಡಿ ಅಂದ ಡಾಕ್ಟ್ರು ಹತ್ತನೇ ಸಾಲಲ್ಲಿ,*
*ಮೂರನೇ ಫಾಂಕು ಮುಗಿಸ್ತಾ ಇದ್ದಾರೆ ಮೀಸೆ ಸಕ್ಕರೇಲಿ.*

ಡೆಜೋ ಹಾಡಿದನೋ ಬಿಟ್ಟನೋ ಯಾರಿಗೂ ಗೊತ್ತಿಲ್ಲ. ಮುನ್ನೂರು ಜನ ಕುರ್ಚಿ ಕಿರ್ರೆನಿಸಿ ಅತ್ತ ತಿರುಗಿದರು. ಹತ್ತನೇ ಸಾಲಿನಲ್ಲಿ ಡಾಕ್ಟರು, ಕಾರ್ನಿವಲ್ಲಿಗೆ ಮನೆ ಮನೆಯಲ್ಲೂ ಕರಿಯುವ ಸಿಹಿ ಬನ್ನಾದ ಫಾಂಕಿನ ಕೊನೆಯ ತುಂಡು ಕೈಯಲ್ಲಿ ಹಿಡಿದುಕೊಂಡು, ಮೀಸೆ ತುಂಬ ಸಕ್ಕರೆ ಪುಡಿ ಮೆತ್ತಿಕೊಂಡು ಕೂತಿದ್ದರು. ಊರಿನ ಅರ್ಧ ಜನಕ್ಕೆ ಸಿಹಿ ಬಿಡಿಸಿದ್ದ ಮನುಷ್ಯ. ನಗು ಎದ್ದಿತು ನೋಡಿ, ಗೂಡಿನ ಮುಸುಕು ಗಡಗಡ ಅಂದಿತು.

ನಗು ಒಂದಿಷ್ಟು ತಗ್ಗಿದಾಗ ಬಾಲ್ಕನಿಯಿಂದ ಯಾರೋ ಕೇಳಿದರು. "ಅಂದ್ರೆ ಇಷ್ಟು ವರ್ಷ ಇದೆಲ್ಲ ಬರೀತಿದ್ದೋರು ನೀವೇನಾ, ನೇನಿ?"

"ನಿಮ್ಮ ಹುಟ್ಟು ಬರ್ಕೊಂಡೋಳು ನಾನು. ನಿಮ್ಮ ಗುಟ್ಟು ಬರೆಯೋಕೆ ಬೇರೆಯವರು ಬರ್ಬೇಕಾ?"

ಎಟೆಲ್ಕಾ ಕಣ್ಣು ತೆರೆದು ಡೆಜೋನ ಬೂಟು ನೋಡಿದಳು. ಓಡಿಹೋಗುತ್ತಾನೆ ಅಂದುಕೊಂಡಿದ್ದಳು. ಬೂಟುಗಳು ಒಂದಕ್ಕೊಂದು ಜೋಡಿಸಿಕೊಂಡು ನಿಂತವು. ಡೆಜೋ ಟೊಪ್ಪಿಗೆ ತೆಗೆದು, ಇದು ಇವತ್ತಾದರೂ ಹೊರಗೆ ಬಿತ್ತಲ್ಲ ಅಂತ ಸಭೆಗೇ ಹೇಳಿದ. ಬೇಕರಿಯವನ ಮೇಲೆ ಹಾಡಿದ ವರ್ಷದಿಂದ ತನಗೆ ಅಂಗಡಿಯಲ್ಲಿ ಸಿಗುವುದು ಕರಕಲು ಬ್ರೆಡ್ಡೇ. ಪಾದ್ರಿಗಳ ಮೇಲೆ ಹಾಡಿದ ವರ್ಷ ಪಾಪನಿವೇದನೆಗೆ ಹೋದರೆ ಮುಕ್ಕಾಲು ಗಂಟೆ ಮಂಡಿಯ ಮೇಲೆ ಕೂರಿಸಿದ್ದರು. ಇನ್ನು ಮೇಲೆ ದಯವಿಟ್ಟು ಎಲ್ಲರೂ ವಿಳಾಸ ಸರಿಯಾಗಿ ನೋಡಿಕೊಂಡು ಹಗೆ ಸಾಧಿಸಬೇಕು, ವಿಳಾಸ ಮೂರನೇ ಸಾಲಿನ ನಡುಗುರ್ಚಿ ಅಂದ. ಪೋಸ್ಟ್‌ಮನ್ ಹೇಳಿದ ಮೇಲೆ ಕೇಳಬೇಕೆ. ಮತ್ತೆ ಕೈತಾಳ ಎದ್ದಿತು. ಮೂರನೇ ಸಾಲಿನಿಂದ ಪಿಸುಮಾತು ಮತ್ತೆ ಬಂತು:

*ಮೇಯರ್ ಹೆಂಡ್ತಿ ನಗೋಕ್ ಮುಂಚೆ ಪಕ್ಕಕ್ ನೋಡ್ತಾರೆ,*
*ಯಜಮಾನ್ರು ಮೊಬೈಲ್ ಒತ್ತುತ್ತಿದ್ರೆ ಬಾಯ್ತುಂಬ ನಗ್ತಾರೆ.*

ಒಂಬತ್ತು ಸಲ ಹಾಡಿದರು. ಅಷ್ಟು ಹೊತ್ತಿಗೆ ಡೆಜೋಗೆ ಉಸಿರು ಉಳಿದಿರಲಿಲ್ಲ, ಅಡುಗೆಯವಳ ಪಾತ್ರದ ಟೀಚರಮ್ಮ ಗೋಣಿಚೀಲದ ಮೇಲೆ ಕೂತುಬಿಟ್ಟಿದ್ದಳು. ಮೂರನೇ ಅಂಕ ನಲವತ್ತು ನಿಮಿಷ ತಡವಾಗಿ ಶುರುವಾಯಿತು. ಕೊನೆಯ ಬಸ್ಸು ತಪ್ಪುತ್ತದೆ ಅಂತ ಯಾರೂ ಏಳಲಿಲ್ಲ, ಯಾಕೆಂದರೆ ಬಸ್ಸಿನ ಚಾಲಕ ಆರನೇ ಸಾಲಿನಲ್ಲಿ ಕೂತಿದ್ದ.

ಪರದೆ ಬಿದ್ದ ಮೇಲೆ ಸಭಾಭವನದ ಹಿಂದಿನ ಕೋಣೆಯಲ್ಲಿ ಕೋಸಿನ ಕಡುಬು, ವೈನು. ಎಟೆಲ್ಕಾ ಮೊಣಕೈ ಧೂಳು ಒರೆಸಿಕೊಂಡು ಮೇಲೆ ಬರುವ ಹೊತ್ತಿಗೆ ಹೆರ್ಮಿನಾಳ ಸುತ್ತ ಜನ ಮುತ್ತಿದ್ದರು. ಬೇಕರಿಯವನು ಬೆರಳಾಡಿಸುತ್ತ ಮೂವತ್ತು ವರ್ಷದ ಹಳೆಯ ಲೆಕ್ಕ ಕೇಳುತ್ತಿದ್ದ, ಕೇಳುತ್ತಲೇ ಆಕೆಯ ಲೋಟ ತುಂಬುತ್ತಿದ್ದ. ಹಾಲ್ಮೊಶ್ ಮುದುಕಿ, ಎರಡು ವರ್ಷದಿಂದ ತನ್ನ ಮೇಲೆ ಒಂದು ನುಡಿಯೂ ಬಂದಿಲ್ಲ ಯಾಕೆ ಅಂತ ನಿಜವಾಗಿ ನೊಂದುಕೊಂಡು ಕೇಳಿದಳು. ಜನ ಸ್ವಲ್ಪ ಸರಿದಾಗ ಎಟೆಲ್ಕಾ ಪಕ್ಕದಲ್ಲಿ ಕೂತಳು. ಕೇಳುವ ಆಸೆಗೆ ಅವಳಿಗೆ ಹಸಿವೇ ಮರೆತಿತ್ತು. ಹೇಗಿತ್ತು ನೇನಿ, ವಾಲ್ಟ್ಸ್‌ನಲ್ಲಿ ದೀಪ ಬದಲಾಗುವುದು ಹೇಗಿತ್ತು, ಗಿರಣಿ ಚಕ್ರಕ್ಕೆ ಈ ವರ್ಷ ಹೊಸ ಬಣ್ಣ ಬಳಿದಿದ್ದರಲ್ಲ, ಕೊನೆಯ ಮದುವೆಯ ಕಿರೀಟ ಚೆನ್ನಾಗಿ ಕಂಡಿತಾ, ಒಂದೇ ಉಸಿರಿಗೆ ಕೇಳಿದಳು.

ಹೆರ್ಮಿನಾ ಕಡುಬು ಕತ್ತರಿಸುತ್ತ ಹೇಳತೊಡಗಿದಳು. ಬಸ್ಸಿನ ಚಾಲಕ ವಾಲ್ಟ್ಸ್‌ಗೆ ಅಳುತ್ತಾನಂತೆ, ಅಷ್ಟು ದೊಡ್ಡ ಆಳು, ಕೈವಸ್ತ್ರವನ್ನು ಎರಡು ಮಡಿಕೆ ಮಾಡಿ. ಬೇಕರಿಯವನು ತನ್ನ ಮೇಲಿನ ಹಳೆಯ ನುಡಿ ನೆನಪಾಗಿ ಈಗಲೂ ಜೋಡಿಹಾಡಿಗೆ ಮೊದಲೇ ಕಿವಿ ಕೆಂಪು ಮಾಡಿಕೊಳ್ಳುತ್ತಾನೆ. ಪಾದ್ರಿಗಳು ನಗುವಾಗ ಹಾಡಿನ ಪುಸ್ತಕ ಮುಖಕ್ಕೆ ಹಿಡಿಯುತ್ತಾರೆ, ಹೊಟ್ಟೆ ಕುಣಿಯುವುದು ಮರೆಯಾಗುವುದಿಲ್ಲ. ಹನ್ನೆರಡನೇ ಸಾಲಿನ ಗಂಡ ಹೆಂಡತಿ, ಮಾತು ಬಿಟ್ಟು ವರ್ಷವಾದವರು, ಬೊರ್ಕಾಳ ಹಾಡಿಗೆ ಇಬ್ಬರೂ ತುಟಿ ಆಡಿಸುತ್ತಿದ್ದರು, ಬೇರೆ ಬೇರೆ ದಿಕ್ಕಿಗೆ ನೋಡಿಕೊಂಡು.

ಎಟೆಲ್ಕಾ ಕೇಳುತ್ತ ಕೇಳುತ್ತ ಹುಬ್ಬು ಗಂಟಿಕ್ಕಿದಳು. "ಅವರೆಲ್ಲ ನಿಮ್ಮ ಹಿಂದೆ ಕೂತಿದ್ರಲ್ಲ, ನೇನಿ."

"ಹೂಂ. ಕುರ್ಚೀಲಿ ತಿರುಗಿ ಕೂತಿದ್ದೆ."

"ಯಾವಾಗ?"

"ಮೊದಲಿಂದ. ಪಕ್ಕದವರು ಮುಂದೆ ನೋಡಿ ಮುಂದೆ ನೋಡಿ ಅಂತ ತಿವೀತಿದ್ರು. ಡೆಜೋ ಬಾಯಿ ಕಟ್ಟಿ ನಿಂತಾಗ ಮಾತ್ರ ಒಂದು ಸಲ ಆ ಕಡೆ ತಿರುಗಿದೆ, ಅವನ ಕಿವಿ ಎಲ್ಲಿದೆ ನೋಡೋಕೆ."

"ಅಲ್ಲ, ಹಾಗಾದ್ರೆ ಆಟ?"

ಹೆರ್ಮಿನಾ ಚಾಕು ಕೆಳಗಿಟ್ಟಳು. "ನಲವತ್ತು ವರ್ಷ ಬೆನ್ನ ಹಿಂದೆ ನಗ್ತಿದ್ರು, ಎಟುಶ್. ನಾನು ಬರೆದದ್ದಕ್ಕೆ ಯಾರು ನಗ್ತಾರೆ, ಹೇಗೆ ನಗ್ತಾರೆ ಅಂತ ಒಂದು ದಿನಾನೂ ನೋಡಿಲ್ಲ. ಆ ಮುಖ ಬಿಟ್ಟು ಬಣ್ಣ ಬಳಿದ ಚಕ್ರ ನೋಡು ಅಂತೀಯಲ್ಲ."

ಎಟೆಲ್ಕಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಹೆರ್ಮಿನಾ ಕಡುಬು ಬಿಟ್ಟು ಅವಳ ಮುಖವನ್ನೇ, ಅವಳು ನಗುವುದನ್ನೇ, ಸಾವಧಾನವಾಗಿ ನೋಡಿದಳು.

ಈಸ್ಟರ್ ಕಳೆದ ವಾರ ಹೆರ್ಮಿನಾ ನೇನಿ ತಂಗಿಯ ಊರಿಗೆ ಹೋದಳು. ಮತ್ತೆ ಬರಲಿಲ್ಲ. ಆಟವನ್ನು ಆಕೆ ನೋಡಲೇ ಇಲ್ಲ. ಎಟೆಲ್ಕಾ ಕೊಟ್ಟ ಮಾತು ನಡೆಯಲಿಲ್ಲ.